ಮಾಳಿಗೆ ಮನೆಗೆ ಬಂದ ವೈಫೈ ಡಬ್ಬಿ

ಮನೆಯ ವೈಫೈ ರೂಟರ್ ನೋಡಲು ಒಂದೇ ಡಬ್ಬಿ, ಒಳಗೆ ಮೂರು ಕೆಲಸ. ಹೊರಗಿನ ತಂತಿಯಲ್ಲಿ ಬರುವ ಸಂಕೇತವನ್ನು ಕಂಪ್ಯೂಟರಿಗೆ ತಿಳಿಯುವಂತೆ ಮಾಡುವುದು ಮೋಡೆಮ್. ಯಾವ ಮಾಹಿತಿ ಯಾವ ಸಾಧನಕ್ಕೆ ಹೋಗಬೇಕೆಂದು ದಾರಿ ಹಚ್ಚುವುದು ರೂಟರ್. ಅದನ್ನು ತಂತಿಯಿಲ್ಲದೆ ಪಡಸಾಲೆಗೂ ಅಡುಗೆಮನೆಗೂ ಮಾಳಿಗೆಗೂ ಮುಟ್ಟಿಸುವುದು ಒಂದು ಪುಟ್ಟ ರೇಡಿಯೊ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯಲ್ಲಿ ಜನ ಈ ಮೂರನ್ನು ಬೇರೆ ಬೇರೆಯಾಗಿ ಹೆಸರಿಸುವ ಗೋಜಿಗೆ ಹೋಗದೆ ಎಲ್ಲಕ್ಕೂ ‘ವೈಫೈ’ ಅಂತಲೇ ಅನ್ನುತ್ತಾರೆ. ಆದರೆ ಮೂರೂ ಇಲ್ಲಿಗೆ ಕೂಡಿ ಬಂದವಲ್ಲ. ಮೊದಲು ಬಂದದ್ದು ತಂತಿ, ಆಮೇಲೆ ಮೋಡೆಮ್, ಅದರ ಹಿಂದೆ ರೇಡಿಯೊ. ಡಬ್ಬಿಯ ಕೀಲಿ, ಅಂದರೆ ಅದನ್ನು ತೆರೆದು ತನಗೆ ಬೇಕಾದಂತೆ ಹೊಂದಿಸಿಕೊಳ್ಳುವ ಅಧಿಕಾರ, ಮನೆಯವರ ಕೈಗೆ ಸಿಕ್ಕಿದ್ದು ಎಲ್ಲಕ್ಕಿಂತ ತಡವಾಗಿ.

ಈ ನಾಲ್ಕು ಹಳೆಯ ತಾಲ್ಲೂಕುಗಳು ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ ಹರಿಯುವ ಎರಿ ನೆಲ. 2018ರಲ್ಲಿ ಇವುಗಳ ಒಡಲಿನಿಂದಲೇ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಮುಂತಾದ ಹೊಸ ತಾಲ್ಲೂಕುಗಳು ಹುಟ್ಟಿದವು. ಅದಕ್ಕೆ ಮುಂಚೆ ಒಂದೊಂದು ತಾಲ್ಲೂಕು ಕೇಂದ್ರಕ್ಕೂ ಹತ್ತಾರು ಮೈಲಿ ದೂರದ ಹಳ್ಳಿಗಳು ಜೋತುಬಿದ್ದಿದ್ದವು. ತಂತಿಯ ಕಥೆಯಲ್ಲಿ ಈ ದೂರವೇ ದೊಡ್ಡ ಪಾತ್ರಧಾರಿ.

ಮೊದಲ ತಂತಿ ರೈಲಿನ ಜೊತೆಗೆ ಬಂತು. 1876–78ರ ಬರಗಾಲ ಬಿಜಾಪುರ ಸೀಮೆಯನ್ನು ನುಂಗಿ ಹಾಕಿದ ಮೇಲೆ, ಧಾನ್ಯ ಸಾಗಿಸಲು ದಾರಿಯಿರಬೇಕೆಂಬ ಕಾರಣಕ್ಕೆ ಹೋಟಗಿಯಿಂದ ಗದಗಕ್ಕೆ ಮೀಟರ್ ಗೇಜ್ ಹಳಿ ಹಾಕಲಾಯಿತು. 1884ರಲ್ಲಿ ಅದು ತೆರೆಯಿತು. ಹಳಿಯ ಪಕ್ಕದ ಕಂಬಗಳ ಮೇಲೆ ರೈಲ್ವೆಯ ತಂತಿ ಓಡುತ್ತಿತ್ತು. ಆದರೆ ಈ ನಾಲ್ಕು ಊರುಗಳಲ್ಲಿ ಯಾವುದರ ಒಳಗೂ ಹಳಿ ಬರಲಿಲ್ಲ. ನಿಲ್ದಾಣಗಳ ಹೆಸರೇ ಅದನ್ನು ಹೇಳುತ್ತದೆ: ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’. ಅಂದರೆ ಇಲ್ಲಿ ಇಳಿದು ಊರಿಗೆ ರಸ್ತೆ ಹಿಡಿಯಿರಿ ಎಂದು. ಸಿಂದಗಿ, ಮುದ್ದೇಬಿಹಾಳಗಳಿಗೆ ಅಷ್ಟೂ ಇಲ್ಲ. ಹೊರಗಿನ ಸುದ್ದಿ ಹತ್ತಿರದಲ್ಲೇ ಹಾದುಹೋದರೂ ಊರೊಳಕ್ಕೆ ಬರಲು ಇನ್ನೊಂದು ಏರ್ಪಾಡು ಬೇಕಾಗುವ ಈ ಸ್ಥಿತಿ ನೂರಿಪ್ಪತ್ತು ವರ್ಷಗಳ ನಂತರ ಇಂಟರ್‌ನೆಟ್ಟಿನ ವಿಷಯದಲ್ಲೂ ಹಾಗೆಯೇ ಮರುಕಳಿಸಿತು.

ಟೆಲಿಫೋನು ಮೊದಲು ಸರ್ಕಾರಿ ಕಚೇರಿಗೆ, ಅಡತಿ ಅಂಗಡಿಗೆ, ಊರಿನ ಒಂದೆರಡು ದೊಡ್ಡ ಮನೆಗೆ ಬಂದ ವಸ್ತು. ಹಳ್ಳಿಗಾಡಿನ ಮಟ್ಟಿಗೆ ಅದರ ದಿಕ್ಕು ಬದಲಿಸಿದ್ದು 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ. ಬಿಸಿಲು, ಧೂಳು ತಾಳುವ, ಹವಾನಿಯಂತ್ರಣ ಬೇಡದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜನ್ನು ಅದು ರೂಪಿಸಿತು. ಆ ಯಂತ್ರ ಮೊಟ್ಟಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಪಕ್ಕದ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಮುಂದಿನ ವರ್ಷಗಳಲ್ಲಿ ಅಂಥ ಎಕ್ಸ್‌ಚೇಂಜುಗಳು ದೇಶದ ಹಳ್ಳಿಹಳ್ಳಿಗೆ ಹರಡಿದವು. ಬಸ್ ನಿಲ್ದಾಣದ ಎದುರು ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ಎದ್ದವು. ಬಸವನ ಬಾಗೇವಾಡಿಗೆ 08358, ಇಂಡಿಗೆ 08359, ಮುದ್ದೇಬಿಹಾಳಕ್ಕೆ 08356 ಎಂಬ ಸಂಖ್ಯೆಗಳು ಜಿಲ್ಲಾ ಕೇಂದ್ರದ 08352ರ ನೆರೆಯಲ್ಲೇ ಕೂತರೆ, ಸಿಂದಗಿಗೆ ಮಾತ್ರ 08488 ಎಂಬ ಬೇರೆ ಸಾಲಿನ ಸಂಖ್ಯೆ. ದುಡಿಮೆ ಹುಡುಕಿ ಮುಂಬೈ, ಪುಣೆ, ಗೋವಾಕ್ಕೆ ಗುಳೆ ಹೋದವರು ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಂಡಿದ್ದ ಸಂಖ್ಯೆಗಳು ಇವು. ಊರಲ್ಲಿ ಫೋನಿದ್ದ ಮನೆಗೆ ಮಾಡಿ, ‘ನಮ್ಮವ್ವನ್ನ ಕರೀರಿ, ಹತ್ತು ಮಿನಿಟ್ ಬಿಟ್ಟು ಮತ್ತ ಮಾಡ್ತೀನಿ’ ಅನ್ನುವುದು ಆ ಕಾಲದ ರೂಢಿ. ಒಂದು ಸಂಪರ್ಕ ಇಡೀ ಓಣಿಯದಾಗಿತ್ತು. ಹಂಚಿಕೊಳ್ಳುವ ಈ ರೂಢಿಯನ್ನು ನೆನಪಿಡಬೇಕು. ವೈಫೈ ಪಾಸ್‌ವರ್ಡ್ ಓಣಿಯಲ್ಲಿ ತಿರುಗಾಡುವುದಕ್ಕೆ ಬೇರು ಅಲ್ಲಿದೆ.

ಕಂಪ್ಯೂಟರನ್ನು ಹಳ್ಳಿಯ ರೈತ ಹತ್ತಿರದಿಂದ ಕಂಡದ್ದು ಬಹುಮಟ್ಟಿಗೆ ‘ಭೂಮಿ’ ಯೋಜನೆಯ ಕಿಂಡಿಯಲ್ಲಿ. 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಕೊಡತೊಡಗಿತು. ಮನೆಗಳಲ್ಲಿ ಇಂಟರ್‌ನೆಟ್ ಇನ್ನೂ ಅಪರೂಪ. 1995ರ ಆಗಸ್ಟ್ 15ರಂದು ದೇಶದ ದೊಡ್ಡ ನಗರಗಳಿಗೆ ಬಂದ ಡಯಲ್-ಅಪ್ ಸೇವೆ ಸಣ್ಣ ಊರುಗಳಿಗೆ ಇಳಿಯುವ ಹೊತ್ತಿಗೆ ದೂರಸಂಪರ್ಕ ಇಲಾಖೆಯ ಸೇವೆಗಳು 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಕಂಪನಿಯ ಕೈಗೆ ಹೋಗಿದ್ದವು. ಡಯಲ್-ಅಪ್‌ನಲ್ಲಿ ಹಂಚಲು ಏನೂ ಇರಲಿಲ್ಲ. ಇಂಟರ್‌ನೆಟ್ ನಡೆಯುತ್ತಿದ್ದಾಗ ಫೋನ್ ಬಂದ್, ಫೋನ್ ಬೇಕಾದರೆ ಇಂಟರ್‌ನೆಟ್ ಬಂದ್. ಸೆಕೆಂಡಿಗೆ ಹೆಚ್ಚೆಂದರೆ 56 ಕಿಲೋಬಿಟ್. ಅಂಥ ಸಂಪರ್ಕಕ್ಕೆ ರೂಟರ್ ಯಾರಿಗೂ ಬೇಕಾಗಲಿಲ್ಲ.

ರೂಟರಿಗೆ ಅರ್ಥ ಬಂದದ್ದು 2005ರಲ್ಲಿ. ಹಿಂದಿನ ವರ್ಷವಷ್ಟೇ ಕೇಂದ್ರದ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ವೇಗವನ್ನು ಬ್ರಾಡ್‌ಬ್ಯಾಂಡಿನ ಕನಿಷ್ಠ ಮಟ್ಟ ಎಂದು ಗೊತ್ತುಮಾಡಿತ್ತು. 2005ರ ಜನವರಿ 14ರಂದು ಬಿಎಸ್‌ಎನ್‌ಎಲ್ ‘ಡೇಟಾವನ್’ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಅದಾದ ಎರಡು ವಾರಕ್ಕೆ, ಜನವರಿ 28ರಂದು, ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಅಲೆಪಟ್ಟಿಯಲ್ಲಿ ಕಡಿಮೆ ಶಕ್ತಿಯ ರೇಡಿಯೊಗಳಿಗೆ ಪರವಾನಗಿ ಬೇಡವೆಂಬ ಅಧಿಸೂಚನೆ ಹೊರಡಿಸಿತು. ಎರಡನೆಯದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುವಂಥದಲ್ಲ. ಆದರೂ ಮನೆ ವೈಫೈ ಚರಿತ್ರೆಯಲ್ಲಿ ಮೊದಲನೆಯದಕ್ಕಿಂತ ಅದೇ ತೂಕದ್ದು. ಕಟ್ಟಡದ ಒಳಗಷ್ಟೇ ಇದ್ದ ಸಡಿಲಿಕೆ ಹೊರಗಿಗೂ ಬಂತು. ರೇಡಿಯೊ ಇಟ್ಟುಕೊಳ್ಳಲು ಯಾರನ್ನೂ ಕೇಳಬೇಕಿಲ್ಲ ಎಂಬುದು ಖಚಿತವಾಯಿತು. ಇಂಡಿಯ ಒಬ್ಬ ಮಾಸ್ತರರ ಮನೆಯ ಡಬ್ಬಿಯೂ ಬೆಂಗಳೂರಿನ ಕಂಪನಿಯ ಡಬ್ಬಿಯೂ ಕಾನೂನಿನ ಕಣ್ಣಲ್ಲಿ ಅಂದಿನಿಂದ ಒಂದೇ.

ಬ್ರಾಡ್‌ಬ್ಯಾಂಡ್ ಮೊದಲು ನಗರಗಳಿಗೆ, ಮುಂದಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಿಗೆ ಬಂತು. ಬಂದದ್ದು ಹೊಸ ತಂತಿಯಲ್ಲಲ್ಲ, ಹಳೆಯ ಫೋನಿನ ಜೋಡಿ ತಾಮ್ರದ ಎಳೆಗಳಲ್ಲೇ. ಎಡಿಎಸ್‌ಎಲ್ ಎಂಬ ಈ ವಿಧಾನದ ಜಾಣತನ ಸರಳವಾದದ್ದು. ಮನುಷ್ಯನ ದನಿ ತಂತಿಯ ತಳದ ಪಟ್ಟಿಯಲ್ಲಿ, 4 ಕಿಲೋಹರ್ಟ್ಸ್‌ನ ಒಳಗೆ, ಮುಗಿದುಹೋಗುತ್ತದೆ. ಅದರ ಮೇಲೆ, ಸುಮಾರು 26 ಕಿಲೋಹರ್ಟ್ಸ್‌ನಿಂದಾಚೆಗೆ, ಇಂಟರ್‌ನೆಟ್ ಹರಿಯುತ್ತದೆ. ಎರಡನ್ನೂ ಬೇರೆ ಮಾಡಲು ಗೋಡೆಯ ರೋಸೆಟ್ ಪಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿಯ ಸ್ಪ್ಲಿಟರ್. ಅದಕ್ಕೆ ಮೂರು ಕಿಂಡಿ: ಒಂದರಲ್ಲಿ ಹೊರಗಿನ ಲೈನು, ಒಂದರಲ್ಲಿ ಫೋನು, ಇನ್ನೊಂದರಲ್ಲಿ ಮೋಡೆಮ್. ಸ್ಪ್ಲಿಟರ್ ಹಾಕದೆ ಫೋನೊಂದನ್ನು ನೇರ ಲೈನಿಗೆ ಸಿಕ್ಕಿಸಿದರೆ ರಿಂಗಾದಾಗಲೆಲ್ಲ ಇಂಟರ್‌ನೆಟ್ ಕಡಿದುಹೋಗುತ್ತಿತ್ತು. ಬಹಳ ಮನೆಗಳಲ್ಲಿ ‘ಫೋನ್ ಬಂದ್ರ ನೆಟ್ ಹೋಗ್ತದ’ ಎಂಬ ದೂರಿನ ಹಿಂದೆ ಇದ್ದದ್ದು ಒಳಮನೆಯಲ್ಲಿದ್ದ ಎರಡನೆಯ ಫೋನು.

ಎಡಿಎಸ್‌ಎಲ್‌ಗೆ ದೂರ ಆಗಿಬರದು. ಎಕ್ಸ್‌ಚೇಂಜಿನಿಂದ ಒಂದೆರಡು ಕಿಲೋಮೀಟರ್ ಒಳಗಿನ ಓಣಿಗಳಿಗೆ ಚೆನ್ನಾಗಿ ಸಿಗುವ ವೇಗ ನಾಲ್ಕೈದು ಕಿಲೋಮೀಟರ್ ಆಚೆಗೆ ಸವೆದುಹೋಗುತ್ತದೆ. ಹಾಗಾಗಿ ತಾಲ್ಲೂಕು ಊರಿನ ನಡುಭಾಗಕ್ಕೆ ಬಂದ ಸೌಲಭ್ಯ ಹೊಲದ ಬದಿಯ ಹಳ್ಳಿಗೆ ಬರಲಿಲ್ಲ. ಇದರ ಜೊತೆಗೆ ಎರಿ ನೆಲದ್ದೇ ಒಂದು ತಕರಾರು. ಬೇಸಿಗೆಯಲ್ಲಿ ಈ ಮಣ್ಣು ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ವರ್ಷಕ್ಕೊಮ್ಮೆ ಹಿಗ್ಗಿ ಕುಗ್ಗುವ ನೆಲದೊಳಗೆ ಹೂತ ಕೇಬಲ್ಲಿನ ಜೋಡಣೆಗಳು ಸಡಿಲಾಗುತ್ತವೆ, ನೀರು ಸೇರುತ್ತದೆ, ತಾಮ್ರ ಹಸಿರಾಗುತ್ತದೆ. ದನಿಗೆ ಒಂದಿಷ್ಟು ಗರಗರ ಬಂದರೂ ಮಾತು ತಿಳಿಯುತ್ತದೆ. ಇಂಟರ್‌ನೆಟ್ ಮಾತ್ರ ಅದೇ ತಂತಿಯಲ್ಲಿ ನಿಲ್ಲುವುದಿಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ, ನೀರಿನ ಪೈಪಿಗೆ ಅಗೆದ ತಗ್ಗು, ಎರಡೂ ಕೇಬಲ್ಲಿನ ಶತ್ರುಗಳೇ. ಮಳೆಗಾಲದ ಮೊದಲ ವಾರ ಲೈನ್‌ಮನ್‌ಗೆ ಊಟಕ್ಕೂ ಬಿಡುವಿಲ್ಲದ ವಾರವಾಗಿತ್ತು. ಯಾವ ಕಂಬದ ಯಾವ ಜೋಡಿ ಯಾರ ಮನೆಯದೆಂದು ಕಣ್ಣುಮುಚ್ಚಿ ಹೇಳಬಲ್ಲ ಈ ನೌಕರರ ಜ್ಞಾನ ಯಾವ ದಾಖಲೆಯಲ್ಲೂ ಸೇರದೆ ಹೋದದ್ದು ನಿಜವಾದ ನಷ್ಟ.

ಮೊದಮೊದಲು ಕೊಟ್ಟ ಮೋಡೆಮ್‌ಗಳಲ್ಲಿ ರೇಡಿಯೊ ಇರಲಿಲ್ಲ. ಒಂದು ನೀಲಿ ಅಥವಾ ಹಳದಿ ಕೇಬಲ್, ಒಂದು ಕಂಪ್ಯೂಟರ್, ಅಷ್ಟೆ. ತಿಂಗಳಿಗೆ ಬಳಸಬಹುದಾದ ಡೇಟಾಗೆ ಮಿತಿಯಿತ್ತು. ರಾತ್ರಿ 2ರಿಂದ ಬೆಳಗಿನ 8ರವರೆಗೆ ಲೆಕ್ಕವಿಲ್ಲ ಎಂಬ ಯೋಜನೆಗಳು ಬಂದಾಗ ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮತ್ತೆ ಮಲಗುವ ಹುಡುಗರ ಒಂದು ತಲೆಮಾರೇ ಬೆಳೆಯಿತು. 2007ರ ಜನವರಿಯಿಂದ ವೇಗ 2 ಎಂಬಿಪಿಎಸ್‌ವರೆಗೆ ಏರಿತು. ಲ್ಯಾಪ್‌ಟಾಪ್ ಬಂದ ಮೇಲೆ, ಅದಕ್ಕಿಂತ ಹೆಚ್ಚಾಗಿ ಸ್ಮಾರ್ಟ್‌ಫೋನ್ ಬಂದ ಮೇಲೆ, ವೈಫೈ ಇರುವ ನಾಲ್ಕು ಕಿಂಡಿಯ ಮೋಡೆಮ್‌ಗೆ ಬೇಡಿಕೆ ಹುಟ್ಟಿತು. ವೈಫೈ ಎಂಬ ತಂತ್ರ ಆಗ ಹೊಸದಲ್ಲ. 802.11 ಎಂಬ ಸಂಖ್ಯೆಯ ಮೂಲ ಮಾನಕ 1997ರದು. 2003ರ ‘ಜಿ’, 2009ರ ‘ಎನ್’ ಮಾನಕಗಳ ಡಬ್ಬಿಗಳೇ ಈ ಊರುಗಳ ಮೊದಲ ವೈಫೈ ಡಬ್ಬಿಗಳು.

ಆ ಡಬ್ಬಿಯನ್ನು ಹೊಂದಿಸುವ ವಿಧಿ ಒಂದು ಸಣ್ಣ ಸಂಸ್ಕಾರದಂತೆ ಇತ್ತು. ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿ, ಬ್ರೌಸರಿನ ಪಟ್ಟಿಯಲ್ಲಿ 192.168.1.1 ಎಂದು ಒತ್ತಬೇಕು. ಇದು ಮನೆಯೊಳಗಿನ ವಿಳಾಸ. ಹೊರಗಿನ ಲೋಕದಲ್ಲಿ ಇದಕ್ಕೆ ಬೆಲೆಯಿಲ್ಲ, ಅದಕ್ಕೇ ಲಕ್ಷಾಂತರ ಮನೆಗಳಲ್ಲಿ ಒಂದೇ ವಿಳಾಸ ಇರಲು ಸಾಧ್ಯ. ಹೆಸರು ಕೇಳಿದರೆ ‘ಅಡ್ಮಿನ್’, ಪಾಸ್‌ವರ್ಡ್ ಕೇಳಿದರೂ ‘ಅಡ್ಮಿನ್’. ಒಳಗೆ ಹೋದರೆ ವಿಪಿಐ, ವಿಸಿಐ ಎಂಬ ಎರಡು ಮನೆಗಳು. ಬಿಎಸ್‌ಎನ್‌ಎಲ್ ಲೈನಿಗೆ ಅಲ್ಲಿ 0 ಮತ್ತು 35 ಎಂದು ತುಂಬಬೇಕು. ಮೊದಲು ‘ಬ್ರಿಜ್’ ರೀತಿಯಲ್ಲಿ ಇದ್ದರೆ ಕಂಪ್ಯೂಟರೇ ಪ್ರತಿ ಸಲ ಡಯಲ್ ಮಾಡಬೇಕು. ಹಲವು ಸಾಧನಗಳಿಗೆ ಹಂಚಬೇಕಾದರೆ ಅದನ್ನು ‘ಪಿಪಿಪಿಒಇ’ಗೆ ಬದಲಿಸಿ, ಗ್ರಾಹಕರ ಹೆಸರು, ಗುಪ್ತಪದಗಳನ್ನು ಡಬ್ಬಿಯ ಹೊಟ್ಟೆಯಲ್ಲೇ ಇಡಬೇಕು. ಆಗ ಡಬ್ಬಿ ತಾನೇ ಒಳಹೊಕ್ಕು, ಮನೆಯ ಪ್ರತಿ ಸಾಧನಕ್ಕೂ ಒಂದೊಂದು ಒಳವಿಳಾಸ ಹಂಚುತ್ತದೆ. ಕೊನೆಗೆ ವೈಫೈಗೆ ಒಂದು ಹೆಸರು, ಒಂದು ಪಾಸ್‌ವರ್ಡ್. ಹೆಸರಿನ ಜಾಗದಲ್ಲಿ ಮನೆದೇವರ ಹೆಸರೋ ಮಗಳ ಹೆಸರೋ ಬರುತ್ತಿತ್ತು. ಪಾಸ್‌ವರ್ಡಿನ ಜಾಗದಲ್ಲಿ ಮನೆಯ ಫೋನ್ ನಂಬರೇ.

ಈ ಹತ್ತು ನಿಮಿಷದ ಕೆಲಸ ಮನೆಯವರು ಮಾಡುತ್ತಿರಲಿಲ್ಲ. ಲೈನ್‌ಮನ್ ಜೊತೆ ಬಂದವರು, ಬಜಾರದ ಕಂಪ್ಯೂಟರ್ ಅಂಗಡಿಯವರು, ಇಲ್ಲವೆ ಬಾಗಲಕೋಟೆ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣನ ಮಗ ಮಾಡುತ್ತಿದ್ದರು. ಅವರು ಹೋದ ಮೇಲೆ ಡಬ್ಬಿ ಮುಚ್ಚಿದ ಪೆಟ್ಟಿಗೆ. ವೈಫೈ ಪಾಸ್‌ವರ್ಡ್ ಮನೆಯವರಿಗೆ ಗೊತ್ತು, ಡಬ್ಬಿಯ ಪಾಸ್‌ವರ್ಡ್ ಗೊತ್ತಿಲ್ಲ. ಎರಡೂ ಬೇರೆ ಎಂಬುದೇ ಬಹಳ ಮಂದಿಗೆ ತಿಳಿದಿರಲಿಲ್ಲ. ಬಾಗಿಲ ಕೀಲಿ ಮನೆಯವರ ಕೈಯಲ್ಲಿ, ಕೀಲಿ ಮಾಡುವ ಅಚ್ಚು ಊರವರ ಕೈಯಲ್ಲಿ ಇದ್ದಂತೆ. ಇದರ ಬೆಲೆ ಏನೆಂದು 2017ರ ಜುಲೈ ಕೊನೆಯಲ್ಲಿ ಕಂಡುಬಂತು. ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳನ್ನು ಹುಡುಕಿ ಒಳನುಗ್ಗುವ ಕುತಂತ್ರಾಂಶವೊಂದು ಕರ್ನಾಟಕವೂ ಸೇರಿದಂತೆ ಹಲವೆಡೆ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳನ್ನು ಕೆಡಿಸಿತು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಗ್ರಾಹಕರಿಗೆ ಸೂಚನೆ ಹೋಯಿತು. ಎಲ್ಲಿ ಬದಲಿಸಬೇಕು ಎಂದು ಕೇಳುವವರೇ ಹೆಚ್ಚಿದ್ದರೆ ಅದು ಅವರ ತಪ್ಪಲ್ಲ. ಡಬ್ಬಿ ಕೊಟ್ಟವರು ಅದರ ಜೊತೆಗೆ ಕನ್ನಡದಲ್ಲಿ ಒಂದು ಪುಟದ ಹಾಳೆ ಕೊಟ್ಟಿದ್ದರೂ ಸಾಕಿತ್ತು.

ಮನೆಯೊಳಗೆ ಡಬ್ಬಿಗೆ ಜಾಗ ಹುಡುಕುವುದು ಈ ಸೀಮೆಯಲ್ಲಿ ಬೇರೆ ಊರುಗಳಷ್ಟು ಸುಲಭದ್ದಲ್ಲ. ಹಳೆಯ ಮನೆಗಳ ಗೋಡೆ ಕರಿಕಲ್ಲು, ಮಣ್ಣಿನದು. ಎರಡರಿಂದ ಮೂರು ಅಡಿ ದಪ್ಪ. ಮೇಲೆ ತೊಲೆ, ಜಂತೆ, ಅದರ ಮೇಲೆ ಮಣ್ಣಿನ ಮಾಳಿಗೆ. ಬಿಸಿಲು 40 ಡಿಗ್ರಿ ದಾಟುವ ನಾಡಿನಲ್ಲಿ ಒಳಗೆ ತಂಪಾಗಿರಲೆಂದು ಹಿರಿಯರು ಕಟ್ಟಿದ ಗೋಡೆ ರೇಡಿಯೊ ಅಲೆಗೂ ಅಷ್ಟೇ ಗಟ್ಟಿಯಾಗಿ ಅಡ್ಡ ನಿಲ್ಲುತ್ತದೆ. ಪಡಸಾಲೆಯಲ್ಲಿ ಪೂರ್ತಿ ಸಿಗುವ ಸಂಕೇತ ಒಂದು ಗೋಡೆ ದಾಟಿದ ಒಳಮನೆಯಲ್ಲಿ ಅರೆಬರೆ, ಇನ್ನೊಂದು ದಾಟಿದ ಅಡುಗೆಮನೆಯಲ್ಲಿ ‘ರೇಂಜ್ ಬರವಲ್ದು’. ಮುದ್ದೇಬಿಹಾಳ, ತಾಳಿಕೋಟಿ ಕಡೆಯ ಫರಸಿ ಕಲ್ಲಿನ ಮನೆಗಳಲ್ಲೂ ಇದೇ ಪಾಡು. ಹೊಸ ಮನೆಗಳ ಆರ್‌ಸಿಸಿ ಚಾವಣಿಯ ಕಬ್ಬಿಣದ ಜಾಲ, ದನದ ಕೊಟ್ಟಿಗೆಯ ತಗಡು, ಮಾಳಿಗೆಯ ನೀರಿನ ಟಾಕಿ, ಇವೂ ಅಲೆಯನ್ನು ತಡೆಯುವುದರಲ್ಲಿ ಹಿಂದೆ ಬೀಳವು.

ಇದಕ್ಕೆ ಜನ ತಾವೇ ಕಂಡುಕೊಂಡ ಮದ್ದುಗಳಿವೆ. ಡಬ್ಬಿಯನ್ನು ಟಿವಿ ಹಿಂದೆ, ಟ್ರೆಜರಿಯ ಒಳಗೆ ಇಡದೆ ಪಡಸಾಲೆಯ ಎತ್ತರದ ಗೂಟಕ್ಕೆ ನೇತುಹಾಕುವುದು. ಒಳಬಾಗಿಲ ನೇರಕ್ಕೆ ಇಡುವುದು. ಅಲೆ ಗೋಡೆಯನ್ನು ಸೀಳುವುದಕ್ಕಿಂತ ಬಾಗಿಲಲ್ಲಿ ಹಾದುಹೋಗುವುದು ಸುಲಭ. ಮಾಳಿಗೆ ಮನೆಯಲ್ಲಿ ಬೆಳಕು, ಹೊಗೆಗೆಂದು ಬಿಟ್ಟ ಬೆಳಕಿಂಡಿ ಇದ್ದರೆ ಅದರ ಕೆಳಗಿನ ಜಾಗ ಉತ್ತಮ. ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಮಲಗುವ ಬೇಸಿಗೆ ರಾತ್ರಿಗಳಲ್ಲಿ ಫೋನಿಗೆ ಸಂಕೇತ ಸಿಗುವುದು ಆ ಕಿಂಡಿಯಿಂದಲೇ. ಎರಡು ಆಂಟೆನಾ ಇದ್ದರೆ ಒಂದನ್ನು ನೆಟ್ಟಗೆ, ಇನ್ನೊಂದನ್ನು ಅಡ್ಡ ಮಾಡಿದರೆ ಮಹಡಿಗೂ ಅನುಕೂಲ. ಈಚಿನ ಡಬ್ಬಿಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಅಲೆಪಟ್ಟಿಗಳಿವೆ. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್‌ನ ಬಹುಭಾಗ ಪರವಾನಗಿಯಿಂದ ಮುಕ್ತವಾಯಿತು. 5ರದು ವೇಗ ಹೆಚ್ಚು, ಗೋಡೆಯೆದುರು ಬಲ ಕಡಿಮೆ. ಕರಿಕಲ್ಲಿನ ಮನೆಗೆ ಹಳೆಯ 2.4ರೇ ಒಳಿತು. ನಗರದ ಅಪಾರ್ಟ್‌ಮೆಂಟುಗಳಲ್ಲಿ ನೆರೆಯ ಹತ್ತಾರು ಡಬ್ಬಿಗಳ ಗದ್ದಲದಿಂದ 2.4 ಕೆಡುತ್ತದೆ, ಅಲ್ಲಿ 1, 6, 11ನೇ ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಹುಡುಕಬೇಕು. ಹಳ್ಳಿಯ ಬಿಡಿಮನೆಗೆ ಆ ಕಾಟ ತೀರ ಕಡಿಮೆ. ದಪ್ಪ ಗೋಡೆ ನೆರೆಯ ಅಲೆಯನ್ನೂ ಹೊರಗೇ ನಿಲ್ಲಿಸುತ್ತದೆ.

2016ರ ಸೆಪ್ಟೆಂಬರ್ 5ರಂದು ಜಿಯೊ ಮೊಬೈಲ್ ಸೇವೆ ಆರಂಭವಾದಾಗ ಮನೆಯ ಡಬ್ಬಿಯ ಕಥೆ ಮುಗಿಯಿತು ಎಂದೇ ತೋರಿತು. ಮರುವರ್ಷದ ಮಾರ್ಚ್ 31ರವರೆಗೆ ಡೇಟಾ ಉಚಿತ, ಆಮೇಲೂ ಅಗ್ಗ. ಹೊಲದಲ್ಲಿದ್ದವರ ಕೈಗೂ ಇಂಟರ್‌ನೆಟ್ ಬಂತು. ಬ್ರಾಡ್‌ಬ್ಯಾಂಡ್ ಕಟ್ ಮಾಡಿಸಿ, ಲ್ಯಾಂಡ್‌ಲೈನ್ ಮರಳಿಸಿದ ಮನೆಗಳಿಗೆ ಲೆಕ್ಕವಿಲ್ಲ. ಸ್ಪ್ಲಿಟರ್ ಅಲ್ಲೇ ಗೋಡೆಯ ಮೇಲೆ ಧೂಳು ಹಿಡಿಯಿತು. ಆದರೆ ರೂಟರಿನ ಕೆಲಸ ನಿಲ್ಲಲಿಲ್ಲ, ಅದು ಫೋನಿನೊಳಗೆ ಹೊಕ್ಕಿತು. ಅಪ್ಪನ ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ಮಗ ಓದುವುದು, ಅಪ್ಪ ಹೊಲಕ್ಕೆ ಹೊರಟರೆ ಓದು ನಿಲ್ಲುವುದು ಸಾಮಾನ್ಯವಾಯಿತು. ಹಾಟ್‌ಸ್ಪಾಟಿನ ಹೆಸರು, ಪಾಸ್‌ವರ್ಡ್ ಬದಲಿಸುವುದನ್ನು ಈ ಕಾಲದ ಮಕ್ಕಳು ಯಾರಿಂದಲೂ ಹೇಳಿಸಿಕೊಳ್ಳದೆ ಕಲಿತರು. ಕೀಲಿ ಮನೆಯವರ ಕೈಗೆ ಬಂದದ್ದು ಹೀಗೆ, ಡಬ್ಬಿಯ ಮೂಲಕವಲ್ಲ, ಫೋನಿನ ಮೂಲಕ.

ಡಬ್ಬಿಯನ್ನು ಮತ್ತೆ ಮನೆಗೆ ತಂದದ್ದು ಗಾಜಿನ ಎಳೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟ ಎಲ್ಲ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ತಾಲ್ಲೂಕಿನ ಎಕ್ಸ್‌ಚೇಂಜಿನಲ್ಲಿ ಒಂದು ಯಂತ್ರ, ಅಲ್ಲಿಂದ ಪಂಚಾಯಿತಿ ಕಟ್ಟಡಕ್ಕೆ ಫೈಬರ್, ಅಲ್ಲಿ ಫೈಬರಿನ ತುದಿಗೆ ಒಎನ್‌ಟಿ ಎಂಬ ಒಂದು ಡಬ್ಬಿ. ಫೈಬರಿನಲ್ಲಿ ದೂರದ ಕಾಟವಿಲ್ಲ; ಹತ್ತಿಪ್ಪತ್ತು ಕಿಲೋಮೀಟರ್ ಬೆಳಕು ಸಲೀಸಾಗಿ ಹೋಗುತ್ತದೆ. ತಾಮ್ರ ಎಂದೂ ಮುಟ್ಟಲಾರದ ಹಳ್ಳಿಗಳಿಗೆ ದಾರಿ ತೆರೆದದ್ದು ಈ ಗುಣ. ಆದರೂ ಪಂಚಾಯಿತಿ ಕಟ್ಟೆಯಿಂದ ಮನೆಯ ಪಡಸಾಲೆವರೆಗಿನ ಕೊನೆಯ ಅರ್ಧ ಮೈಲಿ ಹಾಗೇ ಉಳಿದಿತ್ತು. ಇಂಡಿ ರೋಡ್ ನಿಲ್ದಾಣದಲ್ಲಿ ಇಳಿದು ಇಂಡಿಗೆ ಬಂಡಿ ಹುಡುಕಿದ ಹಾಗೆ.

ಆ ಬಂಡಿ ಹೊಡೆದವರು ಕೇಬಲ್ ಟಿವಿಯವರು. 1990ರ ದಶಕದಲ್ಲಿ ಮಾಳಿಗೆಯಿಂದ ಮಾಳಿಗೆಗೆ ಕರಿ ಕೇಬಲ್ ಎಳೆದು ಊರಿಗೆ ಚಾನೆಲ್ ಕೊಟ್ಟವರಿಗೆ ಯಾವ ಓಣಿಯಲ್ಲಿ ಯಾವ ಕಂಬ ಗಟ್ಟಿ, ಯಾವ ಮನೆಯವರು ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಾರೆ, ತಿಂಗಳ ಹಣ ಯಾರು ಯಾವ ದಿನ ಕೊಡುತ್ತಾರೆ ಎಲ್ಲ ಗೊತ್ತು. 2017ರ ಮಾರ್ಚ್ ಗಡುವಿನೊಂದಿಗೆ ಹಳ್ಳಿಗಳ ಕೇಬಲ್ಲೂ ಡಿಜಿಟಲ್ ಆಗಬೇಕಾಗಿ ಬಂದಾಗ, ಡಿಟಿಎಚ್ ತಟ್ಟೆಗಳ ಪೈಪೋಟಿಯೂ ಸೇರಿ, ಅವರ ಹಳೆಯ ವ್ಯಾಪಾರ ಇಳಿಮುಖವಾಗಿತ್ತು. ಬಿಎಸ್‌ಎನ್‌ಎಲ್ ತನ್ನ ಫೈಬರ್ ಸೇವೆಗೆ ಸ್ಥಳೀಯ ಪಾಲುದಾರರನ್ನು ಸೇರಿಸಿಕೊಂಡಾಗ, ರೈಲ್ವೆಯ ಹಳಿಗುಂಟ ಫೈಬರ್ ಹೂತಿದ್ದ ರೈಲ್‌ಟೆಲ್ ‘ರೈಲ್‌ವೈರ್’ ಹೆಸರಿನಲ್ಲಿ ಅದೇ ದಾರಿ ಹಿಡಿದಾಗ, ಈ ಕಸುಬಿನವರಿಗೆ ಹೊಸ ಬಾಳು ಬಂತು. ಕೈಯಲ್ಲಿದ್ದ ಇಕ್ಕಳ, ಟೇಪಿನ ಜಾಗದಲ್ಲಿ ಸ್ಪ್ಲೈಸಿಂಗ್ ಯಂತ್ರ ಬಂತು.

ಆ ಯಂತ್ರದ ಕೆಲಸ ನೋಡುವಂಥದ್ದು. ಹೊದಿಕೆ ಸುಲಿದ ಮೇಲೆ ಉಳಿಯುವ ಗಾಜಿನ ಎಳೆ ಮಿಲಿಮೀಟರಿನ ಎಂಟನೆಯ ಒಂದು ಭಾಗ. ಬೆಳಕು ಹರಿಯುವ ಅದರ ನಡುತಿರುಳು ಅದರೊಳಗೆ ಇನ್ನೂ ಸಣ್ಣದು, ಮಿಲಿಮೀಟರಿನ ನೂರನೆಯ ಭಾಗಕ್ಕೂ ಕಡಿಮೆ. ಸ್ಪಿರಿಟಿನಲ್ಲಿ ಒರೆಸಿ, ನೇರ ಕತ್ತರಿಸಿ, ಎರಡು ತುದಿಗಳನ್ನು ಎದುರುಬದರು ಇಟ್ಟು ಮುಚ್ಚಳ ಹಾಕಿದರೆ ಪುಟ್ಟ ಪರದೆಯ ಮೇಲೆ ಎರಡು ದಪ್ಪ ಕಂಬಗಳಂತೆ ಅವು ಕಾಣುತ್ತವೆ, ತಾವೇ ಸರಿದು ನೇರವಾಗುತ್ತವೆ, ಒಂದು ಕಿಡಿ ಹಾರಿ ಒಂದಾಗುತ್ತವೆ. ಬಿರುಗಾಳಿ ಎದ್ದ ದಿನ ಕೆಲಸದವರು ಮೈಗೆ ಟವೆಲ್ ಅಡ್ಡ ಹಿಡಿದು, ಎರಿ ಧೂಳಿನ ಒಂದು ಕಣ ತುದಿಗೆ ಕೂಡದಂತೆ ಕಾದು ಕೂರುತ್ತಾರೆ. ಮನೆಯ ಡಬ್ಬಿಗೆ ಬರುವ ಬೆಳಕು 1490 ನ್ಯಾನೊಮೀಟರಿನದು, ಮನೆಯಿಂದ ಮರಳುವುದು 1310ರದು. ಎರಡೂ ಕಣ್ಣಿಗೆ ಕಾಣವು, ಒಂದೇ ಎಳೆಯಲ್ಲಿ ಎದುರುಬದರು ಹೋಗುತ್ತವೆ. ಕಂಬದಿಂದ ಕಂಬಕ್ಕೆ ಜೋತ ಫೈಬರಿಗೆ ಹೊಸ ಶತ್ರುಗಳು ಕಬ್ಬು, ಹೊಟ್ಟು ಎತ್ತರಕ್ಕೆ ಹೇರಿದ ಟ್ರ್ಯಾಕ್ಟರುಗಳು. ಎಳೆ ಹರಿದರೆ ಡಬ್ಬಿಯ ‘ಲಾಸ್’ ದೀಪ ಕೆಂಪಾಗಿ ಮಿಣುಕುತ್ತದೆ. ‘ಕೆಂಪು ಲೈಟ್ ಹತ್ತೇತಿ’ ಎಂದರೆ ಸಾಕು, ದೋಷ ಮನೆಯದಲ್ಲ, ಹೊರಗಿನ ಲೈನಿನದೆಂದು ಇಂದು ಅಜ್ಜಿಯರಿಗೂ ಗೊತ್ತು.

2020ರ ಮಾರ್ಚ್ 25ರಿಂದ ಕೊರೊನಾ ಕಾರಣಕ್ಕೆ ದೇಶ ಬಂದಾಗುತ್ತಿದ್ದಂತೆ ಮುಂಬೈ, ಪುಣೆ, ಗೋವಾ, ಬೆಂಗಳೂರುಗಳಿಂದ ಜನ ಊರಿಗೆ ಮರಳಿದರು. ಲ್ಯಾಪ್‌ಟಾಪ್ ಹೊತ್ತು ಬಂದವರಿಗೆ ಫೋನಿನ ಹಾಟ್‌ಸ್ಪಾಟ್ ಸಾಲಲಿಲ್ಲ; ಶಾಲೆ ಮಕ್ಕಳಿಗೂ ಪಾಠ ಪರದೆಯ ಮೇಲೆ ಬಂತು. ಸಂಪರ್ಕ ಇಲ್ಲದ ಮಕ್ಕಳೇ ಹೆಚ್ಚೆಂದು ರಾಜ್ಯ ಶಿಕ್ಷಣ ಇಲಾಖೆ ಆ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಆರಂಭಿಸಿ ಶಿಕ್ಷಕರನ್ನೇ ಗುಡಿ, ಕಟ್ಟೆಗಳಿಗೆ ಕಳಿಸಬೇಕಾಯಿತು. ಫೈಬರ್ ಬಂದ ಓಣಿಗಳಲ್ಲಿ ಒಂದು ಮನೆಯ ಪಾಸ್‌ವರ್ಡ್ ನಾಲ್ಕು ಮನೆಯ ಮಕ್ಕಳಿಗೆ ಸಿಕ್ಕಿತು. ಭದ್ರತೆಯ ಪುಸ್ತಕ ಇದನ್ನು ತಪ್ಪು ಎನ್ನುತ್ತದೆ. ಆ ವರ್ಷದ ಮಟ್ಟಿಗೆ ಅದು ತಪ್ಪಾಗಿರಲಿಲ್ಲ. ಅಂಥ ಹಂಚಿಕೆಗೆ ಈಗಿನ ಡಬ್ಬಿಗಳಲ್ಲಿ ‘ಗೆಸ್ಟ್’ ಜಾಲದ ಸೌಕರ್ಯವಿದೆ: ನೆರೆಯವರಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಅವರಿಗೆ ಇಂಟರ್‌ನೆಟ್ ಸಿಗುತ್ತದೆ, ಮನೆಯ ಕ್ಯಾಮೆರಾ, ಕಂಪ್ಯೂಟರ್ ಕಾಣುವುದಿಲ್ಲ.

ಫೈಬರ್ ಡಬ್ಬಿಯನ್ನು ಸಾಕುವುದರಲ್ಲಿ ಕರೆಂಟಿನದೇ ದೊಡ್ಡ ಪಾಲು. ಈ ಸೀಮೆಗೆ ವಿದ್ಯುತ್ ಹಂಚುವುದು ಹೆಸ್ಕಾಂ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2400 ಮೆಗಾವಾಟಿನ ಉಷ್ಣ ಸ್ಥಾವರವಿದೆ, ಆಲಮಟ್ಟಿಯಲ್ಲಿ ಜಲವಿದ್ಯುತ್ ಇದೆ. ಆದರೂ ಮುಂಗಾರಿನ ಗಾಳಿಗೆ ಹಳ್ಳಿಯ ಲೈನು ಹೋಗುವುದು ತಪ್ಪಿಲ್ಲ. ಡಬ್ಬಿಗೆ ಬೇಕಾದದ್ದು ಸಾಮಾನ್ಯವಾಗಿ 12 ವೋಲ್ಟ್, ಒಂದು ಆಂಪಿಯರ್ ಆಸುಪಾಸು. ಲಿಥಿಯಂ ಕೋಶಗಳ ಅಂಗೈಯಗಲದ ಯುಪಿಎಸ್ ಇಟ್ಟರೆ ಎರಡು ಮೂರು ತಾಸು ತಳ್ಳುತ್ತದೆ. ಕೊಳ್ಳುವಾಗ ಡಬ್ಬಿಯ ತಳದ ಚೀಟಿ ಓದಿ ವೋಲ್ಟ್ ಹೊಂದಿಸಿಕೊಳ್ಳಬೇಕು. 9 ವೋಲ್ಟಿನ ಡಬ್ಬಿಗೆ 12 ಕೊಟ್ಟರೆ ಅದು ಸುಡುತ್ತದೆ. ಗುಡುಗು ಮಿಂಚಿನಲ್ಲಿ ಪ್ಲಗ್ ತೆಗೆಯುವುದು ತಾಮ್ರದ ಕಾಲದ ಅಭ್ಯಾಸ, ಈಗಲೂ ಒಳ್ಳೆಯದೇ. ಗಾಜಿನ ಎಳೆಯಲ್ಲಿ ಮಿಂಚು ಬಾರದು, ಕರೆಂಟಿನ ತಂತಿಯಲ್ಲಿ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಿಟಕಿಯ ಬಿಸಿಲು ಬೀಳುವಲ್ಲಿ ಡಬ್ಬಿ ಇಡಬಾರದು; ಅದರ ಮೇಲೆ ಧೂಳು ಬೀಳದಿರಲೆಂದು ಬಟ್ಟೆ ಹೊದಿಸುವುದಂತೂ ಕೂಡದು.

ನಿರ್ವಹಣೆಯ ಉಳಿದ ಕೆಲಸ ಈಗ ಬಹುಪಾಲು ಫೋನಿನ ಆ್ಯಪಿನಲ್ಲಿ ಮುಗಿಯುತ್ತದೆ. ಡಬ್ಬಿಯ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ ಕ್ಯಾಲೆಂಡರಿನ ಹಿಂದೆಯೋ ಪಡಿತರ ಚೀಟಿಯ ಚೀಲದಲ್ಲೋ ಬರೆದಿಡುವುದು. ವೈಫೈಗೆ 2004ರ ಡಬ್ಲ್ಯೂಪಿಎ-2 ಅಥವಾ 2018ರ ಡಬ್ಲ್ಯೂಪಿಎ-3 ಭದ್ರತೆ ಆರಿಸುವುದು, 2001ರಲ್ಲೇ ಮುರಿದುಬಿದ್ದ ಹಳೆಯ ‘ವೆಪ್’ ಆರಿಸದಿರುವುದು. ಗುಂಡಿ ಒತ್ತಿ ಸೇರಿಕೊಳ್ಳುವ ಡಬ್ಲ್ಯೂಪಿಎಸ್ ಸೌಕರ್ಯದ ಎಂಟಂಕಿಯ ಪಿನ್ನನ್ನು ಬಂದ್ ಮಾಡುವುದು. ಹೊಸ ತಂತ್ರಾಂಶ ಬಂದಾಗ ಹಾಕಿಕೊಳ್ಳುವುದು. ಪಟ್ಟಿಯಲ್ಲಿ ಗುರುತಿಲ್ಲದ ಸಾಧನ ಕಂಡರೆ ಪಾಸ್‌ವರ್ಡ್ ಬದಲಿಸಿದರೆ ಸಾಕು, ಜಗಳ ಬೇಕಿಲ್ಲ. ಕರೆಂಟು ಹೋಗಿ ಬಂದಾಗ ಡಬ್ಬಿ ತಾನೇ ಸರಿಹೋಗಲು ಎರಡು ಮೂರು ನಿಮಿಷ ಬೇಕು; ಅಷ್ಟರೊಳಗೆ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡುವವರು ಎಲ್ಲ ಹೊಂದಿಕೆಯನ್ನೂ ಅಳಿಸಿಕೊಂಡು ಮತ್ತೆ ಕೇಬಲ್‌ನವರನ್ನು ಕಾಯಬೇಕಾಗುತ್ತದೆ. ಮೂರು ಕೋಣೆ ದಾಟದ ಮನೆಗೆ ದುಬಾರಿ ಡಬ್ಬಿ ಬೇಡ. ದಪ್ಪ ಗೋಡೆಯ ದೊಡ್ಡ ಮನೆಗೆ ಸಂಕೇತ ಮರುಕಳಿಸುವ ರಿಪೀಟರಿಗಿಂತ ಒಂದು ಕೇಬಲ್ ಎಳೆದು ಎರಡನೆಯ ಡಬ್ಬಿ ಕೂಡಿಸುವುದೇ ಗಟ್ಟಿ ಕೆಲಸ. ಮನೆಗೆ ಹೊಂದಿದ ನಿಂಬೆ ತೋಟದ ಕ್ಯಾಮೆರಾ ಕೂಡ ಇಂಥ ಡಬ್ಬಿಗೇ ಜೋತುಬಿದ್ದಿದೆ.

ಫೈಬರ್ ಬಂದ ಮನೆಗಳಲ್ಲಿ ಒಂದು ಹಳೆಯ ವಸ್ತು ಮರಳಿ ಬಂದಿದೆ. ಒಎನ್‌ಟಿ ಡಬ್ಬಿಯ ಬೆನ್ನಿಗೆ ಟೆಲಿಫೋನಿನ ಕಿಂಡಿಯೊಂದಿದೆ. ತಾಮ್ರದ ಲೈನಿದ್ದ ಬಿಎಸ್‌ಎನ್‌ಎಲ್ ಗ್ರಾಹಕರು ಫೈಬರಿಗೆ ಬಂದಾಗ ಹಳೆಯ ನಂಬರನ್ನೇ ಅದರಲ್ಲಿ ಉಳಿಸಿಕೊಳ್ಳಬಹುದು. 08359 ಎಂದು ಶುರುವಾಗುವ ಅದೇ ನಂಬರಿಗೆ ಅದೇ ಹಳೆಯ ಫೋನು ಮತ್ತೆ ರಿಂಗಾಗುತ್ತದೆ. ವ್ಯತ್ಯಾಸ ಒಂದೇ. ತಾಮ್ರದ ಕಾಲದಲ್ಲಿ ಫೋನಿಗೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಂತಿಯಲ್ಲೇ ಬರುತ್ತಿತ್ತು, ಊರಿಗೆಲ್ಲ ಕರೆಂಟಿಲ್ಲದ ರಾತ್ರಿಯೂ ರಿಂಗಾಗುತ್ತಿತ್ತು. ಗಾಜಿನ ಎಳೆಯಲ್ಲಿ ವಿದ್ಯುತ್ ಬಾರದು. ಈಗ ಆ ಫೋನ್ ನಡೆಯಬೇಕಾದರೆ ಮನೆಯ ಡಬ್ಬಿ ಚಾಲೂ ಇರಬೇಕು, ಕರೆಂಟು ಹೋದಾಗ ಅದರ ಪಕ್ಕದ ಪುಟ್ಟ ಯುಪಿಎಸ್‌ನಲ್ಲಿ ಚಾರ್ಜ್ ಇರಬೇಕು.